ಈರಮ್ಮನ ಒಣಮೀನಿಗೆ ಅಳತೆಪಟ್ಟಿ

ಹೊಳಗುಂದ ಸಂತೆಯಲ್ಲಿ ಈರಮ್ಮನ ಒಣಮೀನಿನ ಬುಟ್ಟಿಯ ಮುಂದೆ ಕುಳಿತ ಅಪರಿಚಿತ ಹೆಂಗಸೊಬ್ಬಳು ಒಂದೊಂದೇ ಮೀನನ್ನು ಅಳತೆಪಟ್ಟಿಯ ಮೇಲಿಟ್ಟು ಉದ್ದ ಬರೆದುಕೊಳ್ಳುತ್ತಿದ್ದಳು. ಕೇಳಿದರೆ, ತಾನು ಕಡಲಜೀವಿಗಳ ಸಂಶೋಧಕಿ ಎಂದಳು. ಸಮುದ್ರವನ್ನು ಪಠ್ಯಪುಸ್ತಕದಲ್ಲಷ್ಟೇ ಕಂಡ ಊರಿನಲ್ಲಿ ಕಡಲ ಸಂಶೋಧನೆಯೇ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಅನುಮಾನಪಡಲು ಅಷ್ಟು ಸಾಕಾಯಿತು. ಗುರುತಿನ ಚೀಟಿ ಕೇಳಿದೆ, ತೋರಿಸಿದಳು. ಚೀಟಿಯನ್ನು ಯಾರು ಬೇಕಾದರೂ ಮಾಡಿಸಬಹುದು ಎಂದೆ. ಈಕೆ ವ್ಯಾಪಾರ ನಿಲ್ಲಿಸಲು ಬಂದ ಅಧಿಕಾರಿಯೇ ಇರಬೇಕೆಂದು ಈರಮ್ಮನ ಕಿವಿಯಲ್ಲಿ ಊದಿದೆ. ಈರಮ್ಮ ಗಾಬರಿಯಿಂದ ಬುಟ್ಟಿಯ ಮೇಲೆ ಗೋಣಿಚೀಲ ಎಳೆದಳು.

ಕರಾವಳಿಯಿಂದ ಈ ಮೀನಿನ ಜಾಡು ಹಿಡಿದು ಬಂದಿದ್ದೇನೆ, ಇದೇ ಕೊನೆಯ ಸಂತೆ, ಅಳತೆ ಸಿಗದಿದ್ದರೆ ಎರಡು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ ಎಂದು ಆ ಹೆಂಗಸು ಗೋಗರೆದಳು. ಇವೆಲ್ಲ ಮೊಳದುದ್ದ ಬೆಳೆಯುವ ಮೀನಿನ ಮರಿಗಳಂತೆ. ಮೊಟ್ಟೆ ಇಡುವ ಮೊದಲೇ ಬಲೆಗೆ ಬಿದ್ದವಂತೆ.

“ಅದಕ್ಕೆ ಸಾಕ್ಷಿ?” ಎಂದೆ.

ಉತ್ತರ ಬಂದದ್ದು ಈರಮ್ಮನಿಂದ. “ಸಾಕ್ಷಿ ನಾ ಅದೀನಲ್ಲೋ ಲಾಯರ್ ಸಾಬ! ನಮ್ಮವ್ವ ಇದೇ ಮೀನು ರೊಟ್ಟಿಗೊಂದು ಹಾಕ್ತಿದ್ಲು, ಬಾಲ ತಾಟಿನ ಹೊರಗ ಇರ್ತಿತ್ತು. ಈಗ ಹಿಡಿ ತುಂಬ ಹಾಕಿದ್ರೂ ರೊಟ್ಟಿ ಬರಿದು ಕಾಣ್ತೈತಿ.” ಹಾಗೆಂದು ಗೋಣಿಚೀಲ ಕಿತ್ತೊಗೆದಳು. “ಅಳತಿ ಮಾಡವ್ವಾ ನೀನು.”

ಅಪರಿಚಿತರ ಗುರುತಿನ ಚೀಟಿಯನ್ನು ನಾನು ಈಗಲೂ ಸುಲಭಕ್ಕೆ ನಂಬುವುದಿಲ್ಲ. ಆದರೆ ಮನೆಯಲ್ಲಿ ಒಣಮೀನು ಹುರಿದ ದಿನ ನನ್ನ ಮೊದಲ ಅನುಮಾನ ನನ್ನ ತಾಟಿನ ಮೇಲೆಯೇ. ಒಂದನ್ನು ಎತ್ತಿ ಕಿರುಬೆರಳಿನ ಪಕ್ಕ ಹಿಡಿದು ನೋಡುತ್ತೇನೆ. ಬೆರಳನ್ನು ದಾಟಿದ್ದು ಇನ್ನೂ ಸಿಕ್ಕಿಲ್ಲ.