ಹಣ್ಣಾಗದ ಬಾವು

ನನ್ನ ಕೈಗುಣ ಒಳ್ಳೆಯದೆಂದು ಮುಂಡರಗಿ ಸೀಮೆಯ ನಾಲ್ಕಾರು ಹಳ್ಳಿಗಳಲ್ಲಿ ಹೆಸರಿತ್ತು. ನಾನು ಡಾಕ್ಟರಲ್ಲ, ಒಕ್ಕಲುತನದವನು. ನೊಗ ತಿಕ್ಕಿ ಎತ್ತಿನ ಹೆಗಲು ಬಾತರೆ ಅಗಸೆ ಹಿಟ್ಟಿಗೆ ಅರಿಶಿಣ ಹಾಕಿ ಕುದಿಸಿ, ಬಿಸಿ ಇರುವಾಗಲೇ ಬಟ್ಟೆಗೆ ಮೆತ್ತಿ ಕಟ್ಟುತ್ತಿದ್ದೆ. ಮೂರು ನಾಲ್ಕು ದಿನದಲ್ಲಿ ಬಾವು ಮೆತ್ತಗಾಗುತ್ತದೆ. ಹಣ್ಣಾಯಿತು ಎನ್ನುತ್ತೇವೆ ನಾವು. ಆಗ ಕತ್ತಿಯ ಮೊನೆಯನ್ನು ಬೆಂಕಿಗೆ ಹಿಡಿದು ಒಂದು ಗೀರು ಎಳೆದರೆ ಕೀವೆಲ್ಲ ಸುರಿದು ಹೋಗಿ ಎತ್ತು ಅಂದೇ ಮೇವಿಗೆ ಬಾಯಿ ಹಾಕುತ್ತಿತ್ತು. ಇದನ್ನು ಅಪ್ಪನಿಂದ ಕಲಿತಿದ್ದೆ. ಬೇರೆ ಏನೂ ಬರುತ್ತಿರಲಿಲ್ಲ. "ಎತ್ತಿನ ಹೆಗಲಿಗಷ್ಟ ನಿಮ್ಮ ಕೈಗುಣ. ಮನ್ಯಾಗಿನ ನಳ ಸೋರಾಕ ಹತ್ತಿ ತಿಂಗಳಾತು" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಆದರೆ ಎತ್ತುಗಳೇ ಕಡಿಮೆಯಾದವು. ಎಲ್ಲರ ಮನೆ ಮುಂದೆಯೂ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಹೆಗಲಿಲ್ಲ. ಎರಡು ವರ್ಷದಿಂದ ನನ್ನನ್ನು ಕರೆಯಲು ಯಾರೂ ಬಂದಿರಲಿಲ್ಲ. ಅದು ನನ್ನನ್ನು ಎಷ್ಟು ಚುಚ್ಚುತ್ತಿತ್ತೆಂದು ಯಾರಿಗೂ ಹೇಳಿರಲಿಲ್ಲ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಕಡಲೆ ಕಿತ್ತ ಮೇಲೆ ನಮ್ಮ ಕರಿನೆಲದಲ್ಲಿ ಕುರಿ ತರುಬಿಸುತ್ತೇವೆ. ಊರೂರು ತಿರುಗುವ ಕುರಿಗಾರರು ಕೆಲವು ದಿನ ಹಿಂಡನ್ನು ಹೊಲದಲ್ಲಿಯೇ ಮಲಗಿಸುತ್ತಾರೆ, ನೆಲಕ್ಕೆ ಗೊಬ್ಬರವಾಗುತ್ತದೆ. ಹೋದ ವರ್ಷ ಬಂದ ಹಿಂಡಿನ ಯಜಮಾನಿ ನಲವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾನೇ ನಡೆಸುತ್ತಿದ್ದಳು. ಅವಳ ಮನೆಯೆಲ್ಲ ಎರಡು ಕುದುರೆಗಳ ಬೆನ್ನ ಮೇಲಿತ್ತು: ಒಂದು ಮುದಿ ಹೆಣ್ಣು ಕುದುರೆ, ಇನ್ನೊಂದು ಅದರದೇ ಮರಿ. ಮರಿ ಎಂದರೆ ಎರಡು ವರ್ಷ ದಾಟಿತ್ತು, ಆ ವರ್ಷವೇ ಹೊರೆ ಹೊರಲು ಕಲಿತಿತ್ತು. ಪಾತ್ರೆ, ಹಾಸಿಗೆ, ನಡೆಯಲಾಗದ ಎಳೆಯ ಕುರಿಮರಿಗಳು, ಎಲ್ಲ ಅದರ ಪಾಲು.

ಒಂದು ಮುಂಜಾನೆ ಮೇವಿನ ಜಗಳದಲ್ಲಿ ತಾಯಿ ಕುದುರೆ ಮರಿಯ ಎದೆಗೆ ಒದೆಯಿತು. ಮಧ್ಯಾಹ್ನದ ಹೊತ್ತಿಗೆ ಮುಂಗಾಲುಗಳ ನಡುವೆ ತಂಬಿಗೆ ಗಾತ್ರದ ಬಾವು. ಮರುದಿನ ಅದು ಸಣ್ಣ ಕೊಡದಷ್ಟಾಗಿ ಜೋತುಬಿತ್ತು. ಮುಂಡರಗಿಯಿಂದ ದನದ ಡಾಕ್ಟರನ್ನು ಕರೆಸಿದೆವು. ವಯಸ್ಸಾದವನು, ಮಾತು ಕಡಿಮೆ. ಅವಳು ಹಿಂಡು ಹೊಡೆದುಕೊಂಡು ಹಳ್ಳದ ಕಡೆ ಹೋಗಿದ್ದಳು. ಕುದುರೆಯ ಹತ್ತಿರ ಇದ್ದವನು ನಾನೊಬ್ಬನೇ.

ಅವನು ಬಾವಿಗೆ ಸೂಜಿ ಚುಚ್ಚಿ ಎಳೆದ. ಸಿರಿಂಜಿನಲ್ಲಿ ರಕ್ತ ಬಂತು.

"ಇದು ಕೀವಲ್ರಿ, ರಕ್ತ. ಒಳಗ ನರ ಹರದೈತಿ. ತಣ್ಣೀರ ಹಾಕ್ರಿ, ನಡಸಬ್ಯಾಡ್ರಿ. ಹತ್ತು ದಿವ್ಸ ಯಾರೂ ಕೈ ಹಚ್ಚಬ್ಯಾಡ್ರಿ. ನರ ತಾನ ಮುಚ್ಚಕೋತೈತಿ. ಆಮ್ಯಾಲ ನಾನ ಬಂದು ತಗೀತೀನಿ."

ಹೂಂ ಎಂದೆ. ಎರಡು ಇಂಜೆಕ್ಷನ್ ಕೊಟ್ಟು ಅವನು ಬೈಕ್ ಹತ್ತಿ ಹೋದ.

ಸಂಜೆ ಅವಳು ಬಂದು ಕೇಳಿದಳು. "ಏನಂದ್ರಿ ಡಾಕ್ಟರು, ಅಣ್ಣಾರ?"

"ಬಾವು ಹಣ್ಣಾಗಬೇಕಂತ. ಮೂರ್ನಾಕು ದಿವ್ಸ. ನಾನ ನೋಡ್ಕೋತೀನಿ ಬಿಡವಾ."

ಹೀಗೆ ಹೇಳಿದೆ. ಯಾಕೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ದೊಡ್ಡದೇನಲ್ಲ: ಎರಡು ವರ್ಷದ ನಂತರ ಒಂದು ಬಾವು ನನ್ನ ಕೈಗೆ ಸಿಕ್ಕಿತ್ತು. ಡಾಕ್ಟರು ಹೇಳಿದ್ದು ಕುದುರೆಯ ಮಾತು, ನನ್ನ ಕಣ್ಣಿಗೆ ಕಂಡದ್ದು ಎತ್ತಿನ ಹೆಗಲು.

ಅವತ್ತೇ ಅಗಸೆ ಹಿಟ್ಟು ಕುದಿಸಿದೆ. ದಿನಕ್ಕೆ ಮೂರು ಸಲ ಬಿಸಿ ಕಟ್ಟಿದೆ. ಬಾವು ಇಳಿಯಲಿಲ್ಲ, ಬೆಳೆಯಿತು. ಬೆಳೆದದ್ದು ನೋಡಿ ನಾನು ಹಿಗ್ಗಿದೆ, ಹಣ್ಣಾಗುತ್ತಿದೆ ಎಂದುಕೊಂಡೆ. ಕುದುರೆ ಮಾತ್ರ ನನ್ನನ್ನು ಕಂಡರೆ ಹಿಂದೆ ಸರಿಯುತ್ತಿತ್ತು. ಐದನೆಯ ದಿನ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ನೀರು ತುಂಬಿದ ಚೀಲದ ಹಾಗೆ ಅಲುಗಿತು. ಮರುದಿನ ಹಿಂಡು ಲಕ್ಷ್ಮೇಶ್ವರದ ಕಡೆ ಹೊರಡಬೇಕಿತ್ತು. ಅಲ್ಲಿಯ ಹೊಲದವರು ಆಗಲೇ ಎರಡು ಸಲ ಫೋನ್ ಮಾಡಿದ್ದರು.

"ಈಗ ಕೊಯ್ಯಬಹುದೇನ್ರಿ, ಅಣ್ಣಾರ?" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಣ್ಣಾಗೇತಿ" ಎಂದೆ.

ಅವಳು ಕುದುರೆಯ ತಲೆಯನ್ನು ಎದೆಗೆ ಒತ್ತಿ ಹಿಡಿದಳು. ನಾನು ಗೀರಿದೆ. ಮೊದಲು ಕಪ್ಪಗಿನ ಹೆಪ್ಪು ಬಂತು, ಎರಡು ಬೊಗಸೆಯಷ್ಟು. ನೋಡಲು ಬಂದಿದ್ದ ಪಕ್ಕದ ಹೊಲದವನು "ಭೇಷ್" ಎಂದ. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ, ಬಹಳ ಖುಷಿಯಾಯಿತು. ಆಮೇಲೆ ಕೆಂಪು ರಕ್ತ ಬಂತು, ಬಿಸಿಯಾಗಿ, ಒಂದೇ ಧಾರೆ.

ಅರಿಶಿಣ ತುಂಬಿದೆ, ಬೂದಿ ತುಂಬಿದೆ. ಹೆಗಲ ಮೇಲಿನ ಟವೆಲ್ ತುರುಕಿ ಎರಡೂ ಕೈಯಿಂದ ಒತ್ತಿದೆ. ಟವೆಲ್ ತೊಯ್ದು ರಕ್ತ ಮೊಣಕೈವರೆಗೆ ಇಳಿಯಿತು. ಡಾಕ್ಟರಿಗೆ ಪಕ್ಕದವನು ಫೋನ್ ಹಚ್ಚಿದ. ಅವನು ಶಿರಹಟ್ಟಿ ಕಡೆ ಹೋಗಿದ್ದ. ಬರುವಷ್ಟರಲ್ಲಿ ಕುದುರೆ ಮೊಣಕಾಲೂರಿ, ಪಕ್ಕಕ್ಕೆ ಉರುಳಿ, ಉಸಿರು ನಿಲ್ಲಿಸಿ ಅರ್ಧ ತಾಸಾಗಿತ್ತು. ನಾನು ಇನ್ನೂ ಒತ್ತಿಕೊಂಡೇ ಕುಳಿತಿದ್ದೆ.

ಡಾಕ್ಟರು ನೆಲದ ಮೇಲೆ ಬಿದ್ದಿದ್ದ ಅಗಸೆ ಹಿಟ್ಟಿನ ಬಟ್ಟೆಯನ್ನು ನೋಡಿದ. "ಹತ್ತು ದಿವ್ಸ ಅಂದಿದ್ದೆ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಚದುರಿದ ಕುರಿಗಳನ್ನು ತಿರುಗಿಸಲು ಹೋಗಿದ್ದ ಅವಳು, ಅವನು ಹೋದ ಮೇಲೆ ಬಂದು ಕೇಳಿದಳು. "ಏನಂದ್ರಿ ಡಾಕ್ಟರು?"

"ಒಳಗ ಮೊದಲ ಕೆಟ್ಟಿತ್ತಂತ. ಹ್ಯಾಂಗೂ ಉಳೀತಿರಲಿಲ್ಲಂತ."

"ಹೂಂ" ಎಂದಳು. ಕುದುರೆಯ ಕೊರಳಿನ ಹಗ್ಗ ಬಿಚ್ಚಿಕೊಂಡು ಸುತ್ತತೊಡಗಿದಳು.

ಕಾಲುವೆ ಕೆಲಸಕ್ಕೆ ಬಂದಿದ್ದ ಜೆಸಿಬಿಯವನು ಬದುವಿನ ಪಕ್ಕ ಕುಣಿ ತೋಡಿಕೊಟ್ಟ. ಉಪ್ಪು ಹಾಕಿ ಹೂಳಿದೆವು. ಮರುದಿನ ಬೆಳಿಗ್ಗೆ ಅವರು ಹೊರಟರು. ಮರಿಯ ಹೊರೆಯಲ್ಲಿ ಅರ್ಧ ಮುದಿ ಕುದುರೆಯ ಮೇಲೆ ಹೆಚ್ಚಾಯಿತು, ಅರ್ಧ ಅವಳ ತಲೆಯ ಮೇಲೆ. ಎರಡು ಕುರಿಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. "ಬರ್ತೀವ್ರಿ ಅಣ್ಣಾರ" ಎಂದಳು. ನಾನು ಕೈ ಎತ್ತಿದೆ.

ನನಗೆ ಏನೂ ಅನಿಸಲಿಲ್ಲ. ಮನೆಗೆ ಬಂದು ರೊಟ್ಟಿ, ಝುಣಕ ಉಂಡೆ, ಟಿವಿ ನೋಡಿದೆ. ಉಗುರುಸಂದಿಯ ಕಪ್ಪು ನಾಲ್ಕು ದಿನ ಇತ್ತು, ಅದನ್ನು ನೋಡಿಯೂ ಏನೂ ಅನಿಸಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಅದನ್ನು ನನಗೇ ಹೇಳಿಕೊಂಡೆ, ಮೈಗೆ ಹತ್ತಲಿಲ್ಲ. ಮಳೆಗಾಲ ಬಂತು, ಹೆಸರು ಬಿತ್ತಿದೆವು, ಬಿಡಿಸಿದೆವು. ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಕಣಗಿನಹಾಳಕ್ಕೆ ಹೋಗಿ ಬಂದೆ. ಎಲ್ಲರೂ ನಕ್ಕಲ್ಲಿ ನಕ್ಕೆ. ಪಾಪ, ಅವಳು ನಂಬಿ ಹೋದಳಲ್ಲ ಎಂಬ ಒಂದು ಮಾತು ಮಾತ್ರ ತಲೆಯಲ್ಲಿ ಆಗಾಗ ಬರುತ್ತಿತ್ತು, ಬೇರೆ ಯಾರದೋ ಸುದ್ದಿಯ ಹಾಗೆ.

ಈ ಸಲ ಕಡಲೆ ಕಿತ್ತ ಮೇಲೆ ಅವಳ ಹಿಂಡು ಬರಲಿಲ್ಲ. ಒಂದು ಮಧ್ಯಾಹ್ನ ಮೀಸೆ ಹಣ್ಣಾಗುತ್ತಿದ್ದ ಒಬ್ಬ ಗಂಡಸು ಮನೆ ಹುಡುಕಿಕೊಂಡು ಬಂದ. ಅವಳ ಅಣ್ಣನಂತೆ. ಅವನ ಹಿಂಡು ಬಾಳೆಹೊಸೂರ ಹತ್ತಿರ ಇಳಿದಿತ್ತು. ನೀರು ಕುಡಿದು ಕುಳಿತು ಹೇಳಿದ.

"ನಮ್ಮ ಕುದುರಿ ಮರಿ ಎಡವಿ ಕಲ್ಲಮ್ಯಾಲ ಬಿದ್ದು ತೊಡಿ ಬಾತೈತ್ರಿ. ತಂಗಿ ನಿಮ್ಮ ಕಡೆ ಹೋಗಂದ್ಲು."

"ನಾ ಕುದುರಿ ಮುಟ್ಟೂದಿಲ್ಲಪ್ಪಾ" ಎಂದೆ. ಅವನು ಏಳಲಿಲ್ಲ. ಹೇಳಲೇಬೇಕಾಯಿತು. "ನಿನ್ನ ತಂಗಿಗೆ ನಾ ಸುಳ್ಳ ಹೇಳೀನಿ. ಹತ್ತು ದಿವ್ಸ ತಡೀರಿ ಅಂದಿದ್ರು ಡಾಕ್ಟರು. ನಾ ಕೊಯ್ದೆ."

"ಗೊತ್ತೈತ್ರಿ" ಎಂದ ಅವನು. "ಅವತ್ತ ಹಳ್ಳದ ದಾರ್ಯಾಗ ಬೈಕ್ ನಿಲ್ಲಿಸಿ ಡಾಕ್ಟರು ಆಕಿಗೂ ಹೇಳಿದ್ರಂತ. ಲಕ್ಷ್ಮೇಶ್ವರಕ್ಕ ಹೊಂಡೂ ಅವಸರ ಆಕಿಗೂ ಇತ್ತು. ಅಣ್ಣಾರು ಕೊಯ್ತೀನಿ ಅಂದ್ರ ಕೊಯ್ಯಲಿ ಅಂತ ನಾನೂ ಸುಮ್ನ ಕುದುರಿ ತಲಿ ಹಿಡಕೊಂಡ್ನಿ ಅಂದ್ಲು."

ನಾನು ಹಣ್ಣಾಗೇತಿ ಎಂದಾಗ, ಹ್ಯಾಂಗೂ ಉಳೀತಿರಲಿಲ್ಲ ಎಂದಾಗ, ಎರಡು ಸಲವೂ ಅವಳಿಗೆ ಗೊತ್ತಿತ್ತು.

"ಮತ್ತ ನನ್ನ ಕಡೆ ಯಾಕ ಕಳಿಸಿದ್ಲು?"

"ಏನ ಮಾಡಬೇಕಂತ ಅಣ್ಣಾರ ಬಾಯಿಂದ ಕೇಳ್ಕೊಂಡ ಬಾ ಅಂದ್ಲ್ರಿ. ಅಷ್ಟ."

ಅವನು ಕಾಯುತ್ತ ಕುಳಿತ. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ವರ್ಷದಿಂದ ಬಾರದಿದ್ದ ಅಳು ಆಗ ಬಂತು, ಇಬ್ಬರ ಎದುರೇ. ಒರೆಸಿಕೊಂಡು ಹೇಳಿದೆ.

"ತಣ್ಣೀರ ಹಾಕು. ಹತ್ತು ದಿವ್ಸ ಯಾರೂ ಕೈ ಹಚ್ಚಬ್ಯಾಡ್ರಿ."