ಸಣ್ಣಮ್ಮಜ್ಜಿಯ ಕ್ಯಾಲ್ಸಿಯಂ ಮಾತ್ರೆ

ಪುರವರದ ಸುತ್ತ ನರ್ಸಾಗಿ ಮನೆಮನೆ ತಿರುಗುವ ನಾನು, ಗಟ್ಟಿ ಮೂಳೆಗೆ ರಾಗಿ, ಸೊಪ್ಪು, ಬಿಸಿಲು, ನಡಿಗೆ ಬೇಕೆಂದು ಹೇಳುವಾಗೆಲ್ಲ ಕುರಿ ಕಾಯುವ ಸಣ್ಣಮ್ಮಜ್ಜಿಯನ್ನೇ ತೋರಿಸುತ್ತಿದ್ದೆ. ವಯಸ್ಸಾಯಿತಲ್ಲ ಎಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಿದ್ದೆ. ತಿಂಗಳು ತಪ್ಪದೆ ಖಾಲಿ ಶೀಟು ತೋರಿಸಿ ಹೊಸದು ಒಯ್ಯುತ್ತಿದ್ದಳು.

ಮೊನ್ನೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಂಚದ ಪಕ್ಕ ಕೂತು, "ಮಾತ್ರೆ ನುಂಗ್ತಿದ್ದೆ ತಾನೆ ಅಜ್ಜಿ?" ಎಂದೆ.

ಗೋಡೆ ಕಡೆ ಮುಖ ತಿರುಗಿಸಿದಳು. "ತಬ್ಬಲಿ ಮರಿ ಕಣಮ್ಮ, ಕಾಲೇ ಊರ್ತಿರ್ಲಿಲ್ಲ. ಹಿಟ್ಟಿಗೆ ಕಲಸಿ ಎಲ್ಲಾನೂ ಅದಕ್ಕೇ ತಿನ್ನಿಸ್ಬುಟ್ಟೆ. ನಾನಿನ್ನೆಷ್ಟು ದಿನ ನಡೀಬೇಕು, ಅದು ನಡೀಲಿ ಅಂತ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಮರಿ ಹೊಸ್ತಿಲು ಹಾರಿ ಬಂದು, ಮೇಯಿಸಲು ಹೊರಡು ಎಂಬಂತೆ ಅವಳ ಸೆರಗು ಎಳೆಯಿತು. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಒಂದು ದಿನವೂ ತಪ್ಪಿಸದೆ ಮಾತ್ರೆ ತಿಂದ ರೋಗಿ ಅದೊಂದೇ.