ನಿಲ್ಲಿ ಮಾರಾಯ್ರೇ, ಓದುವ

ಮೊಮ್ಮಗಳಿಗೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಮನೆ ಸಿಕ್ಕೇಬಿಟ್ಟಿತು! ಸಿಡ್ನಿಯಲ್ಲಿ ನಮ್ಮ ಪಕ್ಕದ ಮನೆಯ ಉಡುಪಿಯವರು ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ಹಾಲಿನ ಪ್ಯಾಕೆಟ್ ಕೊಟ್ಟರೂ ಕನ್ನಡಕ ಒರೆಸಿಕೊಂಡು, "ನಿಲ್ಲಿ ಮಾರಾಯ್ರೇ, ಓದುವ" ಎನ್ನುವ ಮನುಷ್ಯ.

ಕಾಲೇಜು ಓದುವ ನಾಲ್ವರು ಹುಡುಗಿಯರು ಸೇರಿ ಹಿಡಿಯುವ ಬಾಡಿಗೆ ಮನೆ. ಹೆತ್ತವರು ಜಾಮೀನು ನಿಲ್ಲಬೇಕಿತ್ತು. "ಉಳಿದ ಮೂವರ ರೆಂಟೂ ನನ್ನ ತಲೆಗೇ ಬರತ್ತಮ್ಮ, ಸೈನ್ ಮಾಡಲ್ಲ" ಎಂದು ಮಗ ಪೆನ್ನು ಕೆಳಗಿಟ್ಟ. ಮೊಮ್ಮಗಳ ಕಣ್ಣಲ್ಲಿ ನೀರು. ಆಗ ಪಕ್ಕದ ಮನೆಯವರು ಬಂದು ಜಾಮೀನು ಪತ್ರದ ಸಾಲುಸಾಲಿಗೂ ಬೆರಳಿಟ್ಟು ಓದಿದರು. ಓದು ಬಾರದ ನಾನು ಆ ಬೆರಳನ್ನೇ ನೋಡುತ್ತ ಕೂತೆ. ಕೊನೆಗೆ ಮನೆಯ ಏಜೆಂಟಿಗೆ ಫೋನ್ ಮಾಡಿ, ಜಾಮೀನು ಮೊಮ್ಮಗಳ ಪಾಲಿನ ಬಾಡಿಗೆಗಷ್ಟೇ ಎಂದು ಬರೆಸಿಕೊಟ್ಟರು. ಮಗ ಸೈನ್ ಹಾಕಿದ!

ಸಂಜೆ ಮನೆಮಂದಿಯೆಲ್ಲ ಅವರೊಡನೆ ಊಟಕ್ಕೆ ಕೂತೆವು. ಪಾಯಸ ತಂದರೆ ಅವರು ಕನ್ನಡಕ ತೆಗೆದಿಟ್ಟು, "ಇದನ್ನು ಓದ್ಲಿಕ್ಕಿಲ್ಲ ಅಮ್ಮ, ಬಡಿಸಿ!" ಎಂದರು.